ಒಂದೇ ಚಟ್ಟಿಯ ನೆರೆಹೊರೆ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಕಾಸರಗೋಡಿನಲ್ಲಿ ಸೇರಿದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಮಾರಂಭಗಳಲ್ಲಿ ನಾಡು ನುಡಿಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಸಮರ್ಥರಾದವರು ಈ ವೇದಿಕೆಯಿಂದಲೇ ಮಾಡಿದ್ದಾರೆ, ಇನ್ನು ಮುಂದೆಯೂ ಮಾಡಲಿರುವರು. ಸಂಘದ ಕಾರ್ಯದರ್ಶಿಗಳು ನಮ್ಮಲ್ಲಿಗೆ ಬಂದು, "ಕೇಳಿದವರು ಮನೆಗೆ ಹೋಗಿ ಮರುದಿನವೇ ಮಾಡಿನೋಡಬಹುದಾದ ಒಂದು ವಿಷಯವನ್ನು ಹೇಳಿ" ಎಂದು ಕೇಳಿಕೊಂಡರು. ನಮಗೆ ಅಷ್ಟಿಷ್ಟು ಅನುಭವವಿರುವುದು ಚಟ್ಟಿಗಳಲ್ಲಿ ತರಕಾರಿ ಸೊಪ್ಪುಗಳನ್ನು ಬೆಳೆಯುವುದರಲ್ಲಿ. ಅದರಲ್ಲಿಯೂ ಒಂದೇ ಚಟ್ಟಿಯಲ್ಲಿ ಯಾವ ಗಿಡದೊಡನೆ ಯಾವುದನ್ನು ನೆಡಬಹುದು, ಯಾವುದನ್ನು ನೆಡಬಾರದು ಎಂಬುದನ್ನು ಸಾಕಷ್ಟು ನಷ್ಟಪಟ್ಟು ಕಲಿತಿದ್ದೇವೆ. ಆ ನಷ್ಟದ ಕಥೆಯಿಂದಲೇ ಆರಂಭಿಸುತ್ತೇವೆ.

ನಮ್ಮಲ್ಲಿ ಬಹುಮಂದಿಯ ಬಾಲ್ಯವು ಹಿತ್ತಿಲಿನ ಸೊಪ್ಪು ತಿಂದು ಬೆಳೆದ ಬಾಲ್ಯ. ಬಚ್ಚಲ ನೀರು ಹರಿಯುವಲ್ಲಿ ಬಸಳೆಯ ಚಪ್ಪರ, ಬಾವಿಕಟ್ಟೆಯ ತಂಪಿನಲ್ಲಿ ಒಂದೆಲಗ, ತೋಡಿನ ಬದಿಗೆ ಕೆಸು, ಜಗಲಿಯ ಮೂಲೆಯಲ್ಲಿ ದೊಡ್ಡಪತ್ರೆ. ಇವನ್ನು ಯಾರೂ 'ಕೃಷಿ' ಎಂದು ಕರೆದುದಿಲ್ಲ. ಅಡುಗೆಗೆ ಇಟ್ಟ ಮೇಲೆ ಹಿತ್ತಿಲಿಗೆ ಹೋಗಿ ಒಂದು ಹಿಡಿ ಸೊಪ್ಪು ಕೊಯ್ದು ತಂದರೆ ತಂಬುಳಿಯಾಯಿತು. ಈಗ ಪಾಲಾದ ತೋಟಗಳನ್ನು ಬಿಟ್ಟು, ಪೇಟೆಯಲ್ಲಿ ಐದೋ ಆರೋ ಸೆಂಟ್ಸು ಸ್ಥಳದಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದೇವೆ. ಮಣ್ಣು ಕಾಣುವುದು ಚಟ್ಟಿಯಲ್ಲಿ ಮಾತ್ರ.

ಹಲವು ವರ್ಷಗಳ ಹಿಂದೆ ನಮ್ಮ ತಾಯಿಯವರು ಹಳ್ಳಿಯ ಮನೆಯನ್ನು ಬಿಟ್ಟು ನಮ್ಮೊಡನೆ ಇರಲು ಬಂದಾಗ, ಒದ್ದೆ ಬಾಳೆಲೆಯಲ್ಲಿ ಸುತ್ತಿ ಒಂದೆಲಗದ ಒಂದು ಹಿಡಿ ಬುಡವನ್ನು ತಂದಿದ್ದರು. ನಾವು ಉತ್ಸಾಹದಿಂದ ಒಂದು ದೊಡ್ಡ ಸಿಮೆಂಟಿನ ತೊಟ್ಟಿಯನ್ನು ತಾರಸಿಯ ಮೇಲಿಟ್ಟು, ಆ ಒಂದೆಲಗವನ್ನೂ, ಪೇಟೆಯಿಂದ ತಂದ ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನೂ, ದೊಡ್ಡಪತ್ರೆಯ ಎರಡು ತುಂಡುಗಳನ್ನೂ, ಒಂದಿಷ್ಟು ಪುದೀನವನ್ನೂ ಅದರಲ್ಲಿಯೇ ನೆಟ್ಟೆವು. ನೋಡಲು ಸೊಗಸಾಗಿತ್ತು. ತಿಂಗಳು ತುಂಬುವಷ್ಟರಲ್ಲಿ ಟೊಮೆಟೊ ಹಸಿರು ಹಸಿರಾಗಿರುವಾಗಲೇ ಒಂದು ಮಧ್ಯಾಹ್ನ ಜೋತುಬಿದ್ದಿತು. ಅದರ ಬೆನ್ನಿಗೆ ಬದನೆ, ಅನಂತರ ಮೆಣಸು. ದೊಡ್ಡಪತ್ರೆಯ ಕಾಂಡ ಕೊಳೆಯಿತು. ಒಂದೆಲಗ ಬಿಸಿಲಿಗೆ ಸುಟ್ಟು ಕಂದಿತು. ಕೊನೆಗೆ ತೊಟ್ಟಿಯ ತುಂಬ ಉಳಿದುದು ಪುದೀನವೊಂದೇ. ತಾಯಿಯವರು ನೋಡಿ ಹೇಳಿದ ಮಾತು ಇಷ್ಟೇ: "ತೋಟದಲ್ಲಿ ಕಂಗಿನ ಬುಡಕ್ಕೆ ಏನಿಡಬಹುದೆಂದು ನೂರು ಸಲ ಯೋಚಿಸುತ್ತಿದ್ದರು. ನೀವು ಇಲ್ಲಿ ಒಂದು ಸಲವೂ ಯೋಚಿಸಲಿಲ್ಲವಲ್ಲ!"

ಹಳ್ಳಿಯ ಆ ಹಿತ್ತಿಲು ಅಷ್ಟರಲ್ಲಿ ಪರರ ಕೈ ಸೇರಿ, ಬಾವಿಕಟ್ಟೆಯ ಸುತ್ತ ಮಣ್ಣು ತುಂಬಿಸಿಯಾಗಿತ್ತು. ಆ ಒಂದೆಲಗವನ್ನು ಮತ್ತೆ ತರಲು ಸ್ಥಳವೇ ಉಳಿದಿರಲಿಲ್ಲ. ನಮಗಾದ ನಾಚಿಕೆಯೇ ನಮ್ಮ ಮೊದಲ ಪಾಠವಾಯಿತು.

ತಾಯಿಯವರ ಮಾತಿನ ಜಾಡನ್ನು ಹಿಡಿದು ನೋಡಿದರೆ, ಹಲವು ಗಿಡಗಳನ್ನು ಕೂಡಿಸಿ ಬೆಳೆಯುವ ವಿದ್ಯೆ ನಮಗೆ ಹೊಸದಲ್ಲ. ಅಡಿಕೆ ತೋಟವೇ ಅದರ ಪಾಠಶಾಲೆ. ಕಂಗು ಮೇಲಕ್ಕೆ ಹೋಗುತ್ತದೆ, ಅದರ ಮೈಯನ್ನು ತಬ್ಬಿ ಕಾಳುಮೆಣಸಿನ ಬಳ್ಳಿ ಏರುತ್ತದೆ, ಎಡೆಯಲ್ಲಿ ಬಾಳೆ, ನೆಲದ ನೆರಳಿನಲ್ಲಿ ಶುಂಠಿ, ಅರಸಿನ. ಒಂದೊಂದಕ್ಕೂ ಬೇರೆ ಬೇರೆ ಎತ್ತರ, ಬೇರೆ ಬೇರೆ ಆಳ. ನಮ್ಮ ಊರಿನಲ್ಲಿಯೇ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿ, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಂಸ್ಥೆಯು ಈ ಸಾಂಪ್ರದಾಯಿಕ ಜ್ಞಾನವನ್ನು ಅಳೆದು ತೂಗಿ ನೋಡಿದೆ. ತೆಂಗಿನ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಸುಮಾರು ಎರಡು ಮೀಟರಿನೊಳಗೇ ಇರುತ್ತವೆ. ಉಳಿದ ನೆಲದಲ್ಲಿ ಬಾಳೆ, ಅನಾನಸು, ಕಾಳುಮೆಣಸು ಮೊದಲಾದುವುಗಳನ್ನು ಸೇರಿಸಿ ಬೆಳೆಯುವ ಕ್ರಮಗಳನ್ನು ಅಲ್ಲಿನ ವಿಜ್ಞಾನಿಗಳು ರೂಪಿಸಿದ್ದಾರೆ. ಚಟ್ಟಿಯೆಂದರೆ ಇಂತಹ ತೋಟದ ಸಣ್ಣ ರೂಪವಷ್ಟೆ. ಆದರೆ ಒಂದು ದೊಡ್ಡ ಭೇದವಿದೆ. ತೋಟದಲ್ಲಿ ಬೇರಿಗೆ ಹಿಡಿಸದಿದ್ದರೆ ಅದು ಆಚೆಗೆ ಹರಿದು ಹೋದೀತು. ಚಟ್ಟಿಯ ಬೇರಿಗೆ ಆಚೆ ಎಂಬುದಿಲ್ಲ. ಆದುದರಿಂದ ಚಟ್ಟಿಯಲ್ಲಿ ನೆರೆಯವರನ್ನು ಆರಿಸುವಾಗ ತೋಟಕ್ಕಿಂತಲೂ ಹೆಚ್ಚಿನ ಎಚ್ಚರ ಬೇಕು.

ಅನುಭವದಿಂದ ನಾವು ಕಂಡುಕೊಂಡ ಸೂತ್ರವನ್ನು ಮಕ್ಕಳಿಗೂ ನೆನಪಿರುವಂತೆ ಹೀಗೆ ಹೇಳಬಹುದು: ಒಂದೇ ಚಟ್ಟಿಯ ಗಿಡಗಳಲ್ಲಿ ಎರಡು ಗುಣಗಳು ಸಮಾನವಾಗಿರಬೇಕು, ಮೂರು ಗುಣಗಳು ಭಿನ್ನವಾಗಿರಬೇಕು. ಸಮಾನವಾಗಿರಬೇಕಾದುವು ಬಿಸಿಲು ಮತ್ತು ನೀರು. ಭಿನ್ನವಾಗಿರಬೇಕಾದುವು ನಿಲುವು, ಆಯುಷ್ಯ ಮತ್ತು ಕುಲ.

ಮೊದಲು ಬಿಸಿಲು. ಬದನೆ, ಬೆಂಡೆ, ಮೆಣಸು, ಟೊಮೆಟೊ, ಅಲಸಂಡೆ, ಹರಿವೆ ಇವು ದಿನಕ್ಕೆ ಆರು ಗಂಟೆಗಳಷ್ಟಾದರೂ ನೇರ ಬಿಸಿಲನ್ನು ಬಯಸುವುವು. ಶುಂಠಿ, ಅರಸಿನ, ಕೆಸು, ಒಂದೆಲಗ, ಪುದೀನ ಇವು ಅರೆನೆರಳಿನಲ್ಲಿ ಸುಖವಾಗಿರುವುವು. ತಾರಸಿಯ ನಡುವಿನ ಚಟ್ಟಿಯಲ್ಲಿ ಒಂದೆಲಗವನ್ನಿಟ್ಟ ನಮ್ಮ ತಪ್ಪು ಇಲ್ಲಿ ತಿಳಿಯುತ್ತದೆ. ಗಿಡ ತರುವ ಮೊದಲು ಒಂದು ದಿನ ಬೆಳಗ್ಗೆ, ಮಧ್ಯಾಹ್ನ, ಸಾಯಂಕಾಲ ಮೂರು ಹೊತ್ತು ಹೋಗಿ ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಿ ಬರುವುದು ಒಳ್ಳೆಯದು.

ಎರಡನೆಯದು ನೀರು. ಕೆಸುವಿಗೂ ಒಂದೆಲಗಕ್ಕೂ ಬುಡ ಸದಾ ತೇವವಾಗಿರಬೇಕು. ಲೋಳೆಸರಕ್ಕೂ ದೊಡ್ಡಪತ್ರೆಗೂ ಒಂದು ನೀರಿಗೂ ಇನ್ನೊಂದು ನೀರಿಗೂ ನಡುವೆ ಮಣ್ಣು ಒಣಗಬೇಕು. ಈ ಎರಡು ಗುಂಪುಗಳನ್ನು ಕೂಡಿಸಿದರೆ, ಒಂದರ ಬಾಯಾರಿಕೆ ನೀಗಿಸುವ ನೀರೇ ಇನ್ನೊಂದಕ್ಕೆ ಮೃತ್ಯುವಾಗುತ್ತದೆ. ಇಲ್ಲಿ ಮೋಸಹೋಗುವ ಸಂದರ್ಭವೂ ಇದೆ. ಕಾಳುಮೆಣಸಿನ ಅಡ್ಡರೆಂಬೆಯಿಂದ ಮಾಡಿದ ಪೊದೆಮೆಣಸು ಇಂದು ಅನೇಕರ ಜಗಲಿಯಲ್ಲಿದೆ. ಅದಕ್ಕೆ ಅರೆನೆರಳು ಹಿತ, ಒಂದೆಲಗಕ್ಕೂ ಅರೆನೆರಳು ಹಿತ; ಆದುದರಿಂದ ಇವೆರಡನ್ನೂ ಕೂಡಿಸಬಹುದೆಂದು ತೋರುತ್ತದೆ. ಆದರೆ ಬುಡದಲ್ಲಿ ನೀರು ನಿಂತರೆ ಕಾಳುಮೆಣಸಿಗೆ ಶೀಘ್ರ ಸೊರಗು ರೋಗ ತಗಲುವುದೆಂಬುದನ್ನು ನಮ್ಮ ಕೃಷಿಕರಿಗೆ ಹೇಳಬೇಕಾದುದಿಲ್ಲ. ನೆರಳು ಒಂದೇ ಆದರೂ ಬಾಯಾರಿಕೆ ಬೇರೆಯಾದುದರಿಂದ ಇವು ಅಕ್ಕಪಕ್ಕದ ಚಟ್ಟಿಗಳಲ್ಲಿರಬಹುದೇ ಹೊರತು ಒಂದೇ ಚಟ್ಟಿಯಲ್ಲಿ ಸಲ್ಲದು.

ಇನ್ನು ಭಿನ್ನವಾಗಿರಬೇಕಾದ ಗುಣಗಳು. ನಿಲುವೆಂದರೆ ಮೇಲಿನ ಎತ್ತರವೂ ಕೆಳಗಿನ ಬೇರೂ ಎರಡೂ ಹೌದು. ಒಂದು ನೆಟ್ಟಗೆ ನಿಂತರೆ ಇನ್ನೊಂದು ನೆಲದಲ್ಲಿ ಹರಡಬೇಕು. ನೆರಳಿನ ಚಟ್ಟಿಯಲ್ಲಿ ಕೆಸು ಮೇಲೆ, ಒಂದೆಲಗ ಕೆಳಗೆ: ಇದು ನಮಗೆ ಬಹಳ ಒಗ್ಗಿದ ಜೋಡಿ. ಕೆಸುವಿನ ಎಲೆ ಕೊಡೆಯಾಗುತ್ತದೆ. ಒಂದೆಲಗ ಮಣ್ಣನ್ನು ಮುಚ್ಚಿ ತೇವವನ್ನು ಕಾಯುತ್ತದೆ. ಆಟಿ ತಿಂಗಳಲ್ಲಿ ಒಂದರಿಂದ ಪತ್ರೊಡೆ, ಇನ್ನೊಂದರಿಂದ ತಂಬುಳಿ.

ಆಯುಷ್ಯದ ಭೇದವನ್ನು ಬಳಸಿಕೊಳ್ಳುವುದು ಬಹಳ ಲಾಭಕರ. ಬದನೆಯ ಸಸಿಯನ್ನು ದೊಡ್ಡ ಚಟ್ಟಿಯ ನಡುವೆ ನೆಟ್ಟ ಮೇಲೆ ಅದು ಹರಡಿಕೊಳ್ಳಲು ಒಂದು ತಿಂಗಳಿಗೂ ಮಿಕ್ಕಿ ಕಾಲ ಬೇಕು. ಅಷ್ಟು ದಿನ ಸುತ್ತಲಿನ ಮಣ್ಣು ಬರಿದೇ ಬಿಸಿಲಿಗೆ ಕಾಯುವುದೇಕೆ? ಅಲ್ಲಿ ಹರಿವೆಯ ಬೀಜವನ್ನು ತೆಳುವಾಗಿ ಚೆಲ್ಲಿದರೆ ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಪಲ್ಯಕ್ಕೆ ಒದಗುತ್ತದೆ. ಬದನೆ ತನ್ನ ಸ್ಥಾನವನ್ನು ಕೇಳುವ ಹೊತ್ತಿಗೆ ಹರಿವೆ ಅಡುಗೆಮನೆ ಸೇರಿರುತ್ತದೆ. ಮಾಗಿ ಚಳಿಯ ತಿಂಗಳುಗಳಲ್ಲಿ ಮೆಣಸಿನ ಗಿಡದ ಬುಡಕ್ಕೆ ಇದೇ ರೀತಿ ಕೊತ್ತಂಬರಿಯನ್ನು ಬಿತ್ತಬಹುದು. ಸೆಕೆ ಏರಿತೆಂದರೆ ನಮ್ಮ ಕರಾವಳಿಯಲ್ಲಿ ಕೊತ್ತಂಬರಿ ಬೇಗನೆ ಹೂಬಿಟ್ಟು ಮುಗಿಯುತ್ತದೆ.

ಕುಲದ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಟೊಮೆಟೊ, ಬದನೆ, ಮೆಣಸು ಒಂದೇ ಸಸ್ಯಕುಲಕ್ಕೆ ಸೇರಿದ ದಾಯಾದಿಗಳು. ಒಂದಕ್ಕೆ ಬಂದ ರೋಗ ಇನ್ನೊಂದಕ್ಕೂ ಬರುತ್ತದೆ. ನಮ್ಮ ಮುರಕಲ್ಲಿನ ಹುಳಿಮಣ್ಣಿನಲ್ಲಿ, ಸೆಕೆ ಮತ್ತು ತೇವ ಕೂಡಿದಲ್ಲಿ, ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ ಇವುಗಳ ಮಹಾಶತ್ರು. ಎಲೆ ಹಳದಿಯಾಗುವ ಮೊದಲೇ ಗಿಡ ಜೋತುಬಿದ್ದರೆ ಸಂಶಯಪಡಬೇಕು. ಕಾಂಡದ ಬುಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿದರೆ, ಕತ್ತರಿಸಿದ ತುದಿಯಿಂದ ಹಾಲಿನಂತಹ ಎಳೆಗಳು ಇಳಿಯುವುದು ಕಾಣುತ್ತದೆ; ಅದೇ ಈ ರೋಗದ ಗುರುತು. ಇದಕ್ಕೆ ಮದ್ದು ಹುಡುಕುವುದಕ್ಕಿಂತ ಗಿಡವನ್ನು ಕಿತ್ತು ಸುಟ್ಟು, ಆ ಮಣ್ಣಿನಲ್ಲಿ ಈ ಕುಲದ ಗಿಡಗಳನ್ನು ಮತ್ತೆ ನೆಡದಿರುವುದೇ ಮೇಲು. ಶುಂಠಿಗೂ ಈ ಗುಂಪಿನ ರೋಗಾಣು ತಗಲುವುದುಂಟಾದುದರಿಂದ ಅದನ್ನೂ ಅಲ್ಲಿ ಊರಬಾರದು. ಕೇರಳ ಕೃಷಿ ವಿಶ್ವವಿದ್ಯಾಲಯವು ಈ ರೋಗವನ್ನು ತಡೆಯಬಲ್ಲ ತಳಿಗಳನ್ನು ಹೊರತಂದಿದೆ: ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ, ಬದನೆಯಲ್ಲಿ ಸೂರ್ಯ, ಶ್ವೇತ, ಹರಿತ, ಮೆಣಸಿನಲ್ಲಿ ಉಜ್ವಲ, ಅನುಗ್ರಹ. ಕೃಷಿಭವನದಲ್ಲಿ ಬೀಜ ಕೇಳುವಾಗ ಈ ಹೆಸರುಗಳನ್ನು ಹೇಳಿ ಕೇಳಬಹುದು. ತಳಿ ಯಾವುದಾದರೂ ಆಗಲಿ, ದಾಯಾದಿಗಳನ್ನು ಬೇರೆ ಬೇರೆ ಚಟ್ಟಿಗಳಲ್ಲಿಯೇ ಇಡತಕ್ಕದ್ದು.

ಕುಲ ಒಂದೇ ಆದರೂ ಕೂಡಿಸಬಹುದಾದ ಒಂದು ಉದಾಹರಣೆಯುಂಟು. ಮಳೆಗಾಲದಲ್ಲಿ ಕೆಂಪು ಹರಿವೆಯ ಎಲೆಗೆ ಬಿಳಿ ಚುಕ್ಕೆಯ ರೋಗ ಬರುವುದನ್ನು ನೀವು ಕಂಡಿರಬಹುದು. ಹಸುರು ಹರಿವೆ ಅದನ್ನು ಹೆಚ್ಚು ತಡೆದುಕೊಳ್ಳುತ್ತದೆ. ಕೆಂಪಿನ ನಡುನಡುವೆ ಹಸುರನ್ನು ಬೆರೆಸಿ ಬೆಳೆಯುವ ರೂಢಿ ಕೇರಳದ ತರಕಾರಿ ಬೆಳೆಗಾರರಲ್ಲಿದೆ. ರೋಗಕ್ಕೆ ಒಂದು ಕೆಂಪು ಗಿಡದಿಂದ ಇನ್ನೊಂದಕ್ಕೆ ದಾಟುವ ದಾರಿ ದೂರವಾಗುತ್ತದೆ. ಎಲೆಯ ಮೇಲೆ ನೀರು ಹೊಯ್ಯದೆ ಬುಡಕ್ಕೆ ಮಾತ್ರ ಹೊಯ್ದರೆ ಇನ್ನೂ ಒಳ್ಳೆಯದು.

ಕೂಡಿ ಬಾಳುವುದರಿಂದ ಬರುವ ಲಾಭಗಳ ಕುರಿತು ಎರಡು ಮಾತು. ಅಲಸಂಡೆಯ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ನೆರೆಯ ಗಿಡಕ್ಕೆ ಅದರ ಪಾಲು ಹೆಚ್ಚಾಗಿ ಸಿಗುವುದು ಅಲಸಂಡೆ ಬದುಕಿರುವಾಗಲ್ಲ, ಅದರ ಬೇರು ಮಣ್ಣಿನಲ್ಲಿ ಕರಗಿದ ಮೇಲೆ. ಆದುದರಿಂದ ಬಳ್ಳಿ ಮುದಿಯಾದಾಗ ಕಿತ್ತೆಸೆಯದೆ, ಬುಡದಲ್ಲಿ ಕತ್ತರಿಸಿ ಬೇರನ್ನು ಅಲ್ಲಿಯೇ ಬಿಡಬೇಕು. ಅರ್ಧ ಡ್ರಮ್ಮಿನಷ್ಟು ದೊಡ್ಡ ಪಾತ್ರೆಯಿದ್ದರೆ, ಪತ್ತನಾಜೆಯ ಹೊತ್ತಿಗೆ ಅರಸಿನವನ್ನು ಊರಿ, ಒಂದು ಬದಿಗೆ ಗೂಟ ನಿಲ್ಲಿಸಿ ಅಲಸಂಡೆಯನ್ನು ಹಬ್ಬಿಸಬಹುದು. ಅಲಸಂಡೆ ಮೂರು ತಿಂಗಳಲ್ಲಿ ಮುಗಿಯುತ್ತದೆ. ಅರಸಿನ ಇನ್ನೂ ಹಲವು ತಿಂಗಳು ಆ ಬೇರಿನ ಸಾರವನ್ನು ಉಣ್ಣುತ್ತದೆ.

ಚೆಂಡುಹೂವಿನ ಬೇರು ಸ್ರವಿಸುವ ವಸ್ತುವು ಬೇರುಗಂಟು ಮಾಡುವ ಸೂಕ್ಷ್ಮಹುಳುಗಳನ್ನು ಹತ್ತಿಕ್ಕುತ್ತದೆಂಬುದು ನಿಜ. ಆದರೆ ಒಂದು ಚೆಂಡುಹೂವನ್ನು ಮೂಲೆಯಲ್ಲಿ ನೆಟ್ಟ ಮಾತ್ರಕ್ಕೆ ಎಲ್ಲ ಕೀಟಗಳೂ ಓಡುವುವೆಂದು ಭಾವಿಸಬಾರದು. ಒಂದು ಚಟ್ಟಿಯಲ್ಲಿ ಮೊದಲು ಮೂರು ತಿಂಗಳು ಚೆಂಡುಹೂವನ್ನೇ ಬೆಳೆದು, ಅನಂತರ ಅಲ್ಲಿ ಬೆಂಡೆಯನ್ನು ಹಾಕಿದರೆ ಹೆಚ್ಚು ಫಲ. ಇಂತಹ ಗಿಡ ಇಂತಹ ಗಿಡಕ್ಕೆ ಮಿತ್ರ, ಇಂತಹದು ಶತ್ರು ಎಂಬ ಉದ್ದುದ್ದ ಪಟ್ಟಿಗಳು ಪುಸ್ತಕಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಹಲವು ಶೀತದೇಶಗಳ ಗಿಡಗಳಿಗೆ ಸಂಬಂಧಿಸಿದವು, ಕೆಲವು ಬರಿಯ ನಂಬಿಕೆಗಳು. ನಮ್ಮ ಮಳೆ, ನಮ್ಮ ಮಣ್ಣು, ನಮ್ಮ ಕಣ್ಣು ಇವುಗಳನ್ನು ಸಾಕ್ಷಿಯಾಗಿಟ್ಟುಕೊಂಡು ನಡೆಯುವುದು ಮೇಲು.

ಒಂಟಿಯಾಗಿಯೇ ಇಡಬೇಕಾದ ಗಿಡಗಳೂ ಇವೆ. ಪುದೀನದ ಕಥೆಯನ್ನು ಆಗಲೇ ಹೇಳಿದೆವು. ಅದು ಮಣ್ಣಿನ ಕೆಳಗೆ ಬಳ್ಳಿ ಹರಿಸಿ ಇಡೀ ಚಟ್ಟಿಯನ್ನು ತನ್ನದಾಗಿಸಿಕೊಳ್ಳುತ್ತದೆ. ಹಾಗೆಂದು ಅದರ ಮೇಲೆ ಮುನಿಯಬೇಕಾದುದಿಲ್ಲ. ಅದಕ್ಕೊಂದು ಪ್ರತ್ಯೇಕ ಅಗಲ ಚಟ್ಟಿ ಕೊಟ್ಟರೆ ಸಾಕು. ಬಸಳೆಯದು ದೊಡ್ಡ ಹಸಿವು, ದೊಡ್ಡ ದಾಹ. ಅದಕ್ಕೂ ಅದರದೇ ಚಟ್ಟಿ ಮತ್ತು ಚಪ್ಪರ ಬೇಕು. ಕರಿಬೇವು ಮರವಾಗಿ ಹಲವು ವರ್ಷ ಬಾಳತಕ್ಕದ್ದು. ತುಳಸಿಗೆ ಕಟ್ಟೆಯನ್ನೇ ಕಟ್ಟಿದ್ದಾರೆ ಹಿರಿಯರು. ಲೋಳೆಸರವೂ ದೊಡ್ಡಪತ್ರೆಯೂ ಒಂದು ಚಟ್ಟಿಯಲ್ಲಿ ಹೊಂದಿಕೊಳ್ಳುವುವು. ಆದರೆ ಮಳೆಗಾಲದಲ್ಲಿ ಆ ಚಟ್ಟಿಯನ್ನು ಮಾಡಿನ ಅಡಿಗೆ ಸರಿಸಬೇಕು.

ಮಣ್ಣಿನ ವಿಷಯವಾಗಿ ಸಂಕ್ಷೇಪವಾಗಿ ಹೇಳುವುದಾದರೆ, ಮೇಲ್ಮಣ್ಣು, ಹುಡಿಯಾದ ಹಟ್ಟಿಗೊಬ್ಬರ, ತೊಳೆದ ತೆಂಗಿನ ನಾರಿನ ಹುಡಿ ಇವುಗಳನ್ನು ಸಮಪಾಲಾಗಿ ಬೆರೆಸಿ, ಹುಳಿ ಮುರಿಯಲು ಒಂದು ಹಿಡಿ ಸುಣ್ಣದ ಹುಡಿಯನ್ನು ಕೂಡಿಸಿ, ಎರಡು ವಾರ ತೇವವಾಗಿಟ್ಟು ಅನಂತರ ನೆಡಬೇಕು. ಎರಡು ಗಿಡಗಳಿರುವ ಚಟ್ಟಿ ಒಂದಡಿಗಿಂತ ಕಡಿಮೆ ಆಳದ್ದಾಗಿರಬಾರದು. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಆದುದರಿಂದ ಅಡಿಯಲ್ಲಿ ತೂತುಗಳಿರಲಿ, ಚಟ್ಟಿ ಎರಡು ಇಟ್ಟಿಗೆಗಳ ಮೇಲಿರಲಿ. ಮಳೆ ಗೊಬ್ಬರದ ಸಾರವನ್ನು ತೊಳೆದೊಯ್ಯುವುದರಿಂದ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಅಡಿಯ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಡೆಂಗಿ ಜ್ವರದ ಸೊಳ್ಳೆ ಹುಟ್ಟುವುದು ಅಂತಹ ತಿಳಿನೀರಿನಲ್ಲಿಯೇ.

ವಿದ್ಯಾರ್ಥಿ ಮಿತ್ರರೇ, ಈ ಚಟ್ಟಿಗಳನ್ನು ನಿಮ್ಮ ಕೈಗೊಪ್ಪಿಸಬೇಕೆಂಬುದೇ ನಮ್ಮ ಆಸೆ. ಶಾಲೆಯಲ್ಲಿ ಕಲಿಯುವ ಕನ್ನಡದಲ್ಲಿ ಹರಿವೆ, ಬಸಳೆ, ಒಂದೆಲಗ ಎಂಬ ಹೆಸರುಗಳು ಓದಲು ಸಿಕ್ಕಾವು; ಆದರೆ ಎಲೆಯನ್ನು ಕೈಯಲ್ಲಿ ಹಿಡಿಯದ ಮಗುವಿಗೆ ಆ ಹೆಸರು ಎಷ್ಟು ದಿನ ನೆನಪಿದ್ದೀತು? ಹಿತ್ತಿಲು ಹೋದಲ್ಲಿ ಸೊಪ್ಪು ಹೋಯಿತು. ಸೊಪ್ಪು ಹೋದಲ್ಲಿ ಅದರ ಹೆಸರೂ, ಅದರಿಂದ ಮಾಡುವ ಅಡುಗೆಯೂ, ಅದನ್ನು ಕುರಿತು ಅಜ್ಜಿ ಆಡುತ್ತಿದ್ದ ಮಾತುಗಳೂ ಹೋದುವು. ಈ ನಷ್ಟವನ್ನು ಯಾವ ಮನವಿಪತ್ರವೂ ತುಂಬಿಕೊಡಲಾರದು. ಐದು ಚಟ್ಟಿಗಳು ಸ್ವಲ್ಪಮಟ್ಟಿಗೆ ತುಂಬಿಕೊಟ್ಟಾವು.

ತಾಯಿಯವರ ಒಂದೆಲಗದ ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇವೆ. ಅವರು ಬಂದ ಹೊಸತರಲ್ಲಿಯೇ, ನಮಗೆ ತಿಳಿಯದಂತೆ, ಆ ಬುಡದಲ್ಲಿ ಒಂದು ಎಳೆಯನ್ನು ನೆರೆಮನೆಯ ಮಲಯಾಳಿ ತಾಯಿಗೆ ಕೊಟ್ಟಿದ್ದರಂತೆ. ನಮ್ಮ ತೊಟ್ಟಿ ಹಾಳಾದುದನ್ನು ಕೇಳಿದ ಆ ತಾಯಿ ಮರುದಿನವೇ ಬೇಲಿಯ ಬಳಿಗೆ ಬಂದು, ಒಂದು ಹಳೆಯ ಬಟ್ಟಲಿನ ತುಂಬ ಒಂದೆಲಗವನ್ನು ಮಣ್ಣು ಸಹಿತ ಕೊಟ್ಟರು. ಅವರು ಅದನ್ನು 'ಕುಡಙಲ್' ಎಂದರು. ಕೆಲಸಕ್ಕೆ ಬಂದಿದ್ದ ತುಳು ಹೆಂಗಸು 'ತಿಮರೆ' ಎಂದಳು. ತಾಯಿಯವರು ಒಂದೆಲಗವೆಂದೇ ಕರೆದು ಬಾವಿಯ ಬದಿಯ ನೆರಳಿನಲ್ಲಿ ಕೆಸುವಿನ ಬುಡಕ್ಕೆ ನೆಟ್ಟರು. ತಾಯಿಯವರು ಈಗ ಇಲ್ಲ. ಅದು ಇಂದಿಗೂ ಇದೆ.

1956ರಿಂದೀಚೆಗೆ ನಾವು ಕೇರಳದಲ್ಲಿದ್ದೇವೆ. ಹಲವು ನುಡಿಗಳ ಈ ಮಣ್ಣಿನಲ್ಲಿ ಕೂಡಿ ಬಾಳುವುದು ನಮಗೆ ಹಿರಿಯರಿಂದ ಬಂದ ಅಭ್ಯಾಸ. ಕೂಡಿ ಬಾಳುವುದೆಂದರೆ ಎಲ್ಲವನ್ನೂ ಒಂದೇ ತೊಟ್ಟಿಗೆ ತುಂಬುವುದಲ್ಲ. ಕೆಲವಕ್ಕೆ ಜೊತೆ ಬೇಕು, ಕೆಲವಕ್ಕೆ ತನ್ನದೇ ಆದ ಚಟ್ಟಿ ಬೇಕು, ಎಲ್ಲಕ್ಕೂ ಬಿಸಿಲು ನೀರು ಬೇಕು. ನಮ್ಮ ಕನ್ನಡ ಶಾಲೆಯ ಮಟ್ಟಿಗೂ ನಾವು ಕೇಳುವುದು ಇಷ್ಟನ್ನೇ. ಬೇಲಿಯ ಮೇಲಿನಿಂದ ಎಳೆ ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡೂ ಇರುವ ತನಕ ಗಿಡ ಅಳಿಯದು.

ಇಂದು ಬರುವಾಗ ಆ ಒಂದೆಲಗದ ಸಣ್ಣ ಸಣ್ಣ ಬುಡಗಳನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದೇವೆ. ಬಾಗಿಲ ಬಳಿ ಇಟ್ಟಿದೆ. ಹೋಗುವಾಗ ಒಂದೊಂದನ್ನು ಕೊಂಡೊಯ್ಯಿರಿ, ನೆರಳಿನಲ್ಲಿ ನೆಡಿ, ಹಬ್ಬಿದ ಮೇಲೆ ನೆರೆಯವರಿಗೊಂದು ಎಳೆ ಕೊಡಿ.